ಮಣ್ಣು ಮೊದಲು, ಮೀನು ಕೊನೆಗೆ: ಮನೆಯೊಳಗೊಂದು ಪುಟ್ಟ ಕೆರೆ ಮಾಡುವ ಬಗೆ

ನಮ್ಮ ಮನೆ ಹಾಲ್‌ನಲ್ಲಿ ಎರಡು ಅಡಿಯ ಒಂದು ಗಾಜಿನ ತೊಟ್ಟಿ ಇದೆ. ಅದಕ್ಕೆ ನಾನು ಮಾಡುವ ಸೇವೆ ಇಷ್ಟೇ: ದಿನಕ್ಕೊಂದು ಚಿಟಿಕೆ ಆಹಾರ, ವಾರಕ್ಕೊಮ್ಮೆ ಆರಿಹೋದಷ್ಟು ನೀರು ತುಂಬಿಸುವುದು, ತಿಂಗಳಿಗೊಮ್ಮೆ ಒಂದು ಬಕೆಟ್ ನೀರು ಬದಲಾಯಿಸುವುದು. ಮೀನನ್ನೆಲ್ಲ ಮಗ್‌ಗೆ ಎತ್ತಿ ಹಾಕಿ, ಕಲ್ಲು ತಿಕ್ಕಿ, ಗಾಜು ಉಜ್ಜಿ ಭಾನುವಾರ ಹಾಳು ಮಾಡಿಕೊಳ್ಳುವ ಕೆಲಸ ಇಲ್ಲ. ಬಂದವರು "ಇಷ್ಟು ತಿಳಿ ನೀರು ಹೇಗೆ?" ಅಂತ ಕೇಳುತ್ತಾರೆ. ಗಿಡ ನೋಡಿಕೊಳ್ಳುತ್ತದೆ ಅಂದರೆ ನಂಬುವುದಿಲ್ಲ.

ನನಗೂ ಮೊದಲು ನಂಬಿಕೆ ಇರಲಿಲ್ಲ. ಮೊದಲ ಸಲ ಅಂಗಡಿಗೆ ಹೋಗಿ ತೊಟ್ಟಿ, ಬಣ್ಣದ ಕಲ್ಲು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ, ಒಂಬತ್ತು ಮೀನು, ಎಲ್ಲವನ್ನೂ ಒಂದೇ ದಿನ ಮನೆಗೆ ತಂದೆ. ಎರಡು ವಾರ ತುಂಬುವುದರೊಳಗೆ ಉಳಿದದ್ದು ಮೊಸಳೆ ಮಾತ್ರ.

ಎರಡನೇ ಸಲ ಗಿಡ ನೆಡುವ ತೊಟ್ಟಿ ಮಾಡಲು ಹೊರಟೆ. ಮಂಡ್ಯದ ಹತ್ತಿರ ಮಾವನ ಕಬ್ಬಿನ ಗದ್ದೆಯಿಂದ ಒಂದು ಚೀಲ ಮಣ್ಣು ತಂದು ಹಾಕಿದೆ. ಮಂಡ್ಯದ ಮಣ್ಣಲ್ಲಿ ಏನು ಬೆಳೆಯಲ್ಲ ಹೇಳಿ! ಆದರೆ ಆ ಮಣ್ಣಿಗೆ ಬಿದ್ದಿದ್ದ ಯೂರಿಯಾದ ಲೆಕ್ಕ ನನಗಿರಲಿಲ್ಲ. ನೀರಿನಲ್ಲಿ ಅಮೋನಿಯಾ ಏರಿತು, ಗಿಡ ಕರಗಿತು, ಇಡೀ ಹಾಲ್ ನಾತ ಹೊಡೆಯಿತು. ಮಾವ ಬಂದು ನೋಡಿ, "ಗದ್ದೆ ಮಣ್ಣು ಗದ್ದೆಗೆ ಕಣಯ್ಯ" ಅಂದರು.

ಮೂರನೇ ಸಲ ಮಾಡಿದ್ದು ನಿಂತಿತು. ಆ ಮೂರನೇ ಸಲದ ವಿವರ ಇಲ್ಲಿದೆ.

ಇದು ಕೆಲಸ ಮಾಡುವುದು ಹೇಗೆ

ಊರ ಕೆರೆಯನ್ನು ಯಾರೂ ತೊಳೆಯುವುದಿಲ್ಲ, ಅಲ್ವಾ? ಆದರೂ ಅಲ್ಲಿ ಮೀನು ಬದುಕುತ್ತದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ತಿನ್ನದೆ ಬಿಟ್ಟ ಆಹಾರ, ಸತ್ತ ಎಲೆ ಕೊಳೆತಾಗಲೂ ಅದೇ ಬರುತ್ತದೆ. ಅಮೋನಿಯಾ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೆಟ್ಟದ್ದಲ್ಲ, ತೀರಾ ಜಾಸ್ತಿಯಾದರೆ ಮಾತ್ರ ತೊಂದರೆ. ಈ ಬ್ಯಾಕ್ಟೀರಿಯಾಗಳು ಗಾಜು, ಮರಳು, ಎಲೆ, ಸ್ಪಂಜು ಹೀಗೆ ಎಲ್ಲ ಮೇಲ್ಮೈಗೂ ಅಂಟಿಕೊಂಡು ಬೆಳೆಯುತ್ತವೆ. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನನ್ನ ಒಂಬತ್ತು ಮೀನು ಸತ್ತದ್ದು ಈ ಆರು ವಾರ ಕಾಯದೆ.

ಗಿಡ ಇದ್ದರೆ ಆಟ ಬದಲಾಗುತ್ತದೆ. ಚುರುಕಾಗಿ ಬೆಳೆಯುವ ನೀರುಗಿಡ ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತದೆ. ಮೀನಿಗೆ ವಿಷವಾದದ್ದು ಗಿಡಕ್ಕೆ ಊಟ. ಹಾಗಾಗಿ ಇಲ್ಲಿ ನಾವು ಸಾಕುವುದು ಮೀನನ್ನಲ್ಲ, ಗಿಡವನ್ನು. ಮೀನು ಆ ತೋಟಕ್ಕೆ ಗೊಬ್ಬರ ಹಾಕುವ ಆಳು ಅಂದುಕೊಳ್ಳಿ.

ಕೆರೆ ಕೆಡುವುದೂ ಇದೇ ಲೆಕ್ಕದಲ್ಲಿ. ಚರಂಡಿ ನೀರು ನುಗ್ಗಿದ ಕೆರೆ ನೋಡಿದ್ದೀರಲ್ಲ, ಮೇಲೆಲ್ಲ ಅಂತರಗಂಗೆ ಮುಚ್ಚಿಕೊಂಡು ಕೆಳಗೆ ಕಪ್ಪು ನೀರು. ಗೊಬ್ಬರ ಮಿತಿಮೀರಿದಾಗ ಆಗುವ ಗತಿ ಅದು. ತೊಟ್ಟಿಗೆ ಮೂರು ಹೊತ್ತು ಆಹಾರ ಸುರಿದರೆ ಆಗುವುದೂ ಅದೇ.

ತೊಟ್ಟಿ ಮತ್ತು ಜಾಗ

ಚಿಕ್ಕದು ಸುಲಭ ಅನ್ನುವುದು ತಪ್ಪು. ಗಾಜಿನ ಬೋಗುಣಿಯಲ್ಲಿ ಒಂದು ಕಾಳು ಆಹಾರ ಕೊಳೆತರೂ ನೀರು ಕೆಡುತ್ತದೆ. ನೀರು ಜಾಸ್ತಿ ಇದ್ದಷ್ಟೂ ಏರುಪೇರು ಕಮ್ಮಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಿಂದ ಶುರು ಮಾಡಿ. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್. ಮಣ್ಣು, ಮೇಲಿನ ಖಾಲಿ ಜಾಗ ಕಳೆದರೆ 45 ಲೀಟರ್ ನೀರು ನಿಲ್ಲುತ್ತದೆ. ಈ ಅಳತೆಗೆ 5 ಮಿ.ಮೀ. ಗಾಜು ಸಾಕು, 6 ಆದರೆ ನೆಮ್ಮದಿ.

ತುಂಬಿದ ಮೇಲೆ ತೂಕ 70 ಕೆ.ಜಿ. ದಾಟುತ್ತದೆ. ಟಿ.ವಿ. ಇಡುವ ಪ್ಲೈವುಡ್ ಸ್ಟ್ಯಾಂಡ್ ಮೇಲೆ ಇಡಬೇಡಿ. ಹಳೇ ಮನೆಗಳಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಕಡಪಾ ಕಲ್ಲಿನ ಕಟ್ಟೆ ಇರುತ್ತದಲ್ಲ, ಅದಕ್ಕಿಂತ ಒಳ್ಳೆ ಜಾಗ ಇಲ್ಲ. ತೊಟ್ಟಿಯ ಅಡಿಗೆ ಅರ್ಧ ಇಂಚಿನ ಥರ್ಮೋಕೋಲ್ ಹಾಸಿ. ಕೆಳಗೊಂದು ಮರಳಿನ ಕಣ ಸಿಕ್ಕಿಕೊಂಡರೂ ಗಾಜು ಸೀಳಬಹುದು. ಥರ್ಮೋಕೋಲ್ ಅದನ್ನು ತಡೆಯುತ್ತದೆ.

ಪಶ್ಚಿಮದ ಕಿಟಕಿ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನದ ಬಿಸಿಲು ಬಿದ್ದರೆ ನೀರು ಕಾಯುತ್ತದೆ, ಪಾಚಿ ಕಟ್ಟುತ್ತದೆ. ಪೂರ್ವದ ಕಿಟಕಿಯಿಂದ ಬೆಳಿಗ್ಗೆ ಒಂದು ಗಂಟೆ ಎಳೆಬಿಸಿಲು ಬಿದ್ದರೆ ತೊಂದರೆ ಇಲ್ಲ. ನಮ್ಮ ಹವೆಯ ಒಂದು ಲಾಭ ಏನೆಂದರೆ ಹೀಟರ್ ಬೇಕಾಗಿಲ್ಲ. ಡಿಸೆಂಬರ್ ರಾತ್ರಿಯಲ್ಲೂ ಮನೆಯೊಳಗಿನ ನೀರು ನಾನು ಹೇಳುವ ಮೀನುಗಳು ತಡೆಯದಷ್ಟು ತಣ್ಣಗಾಗುವುದಿಲ್ಲ.

ನೀರು: ನಲ್ಲಿಯದೋ ಬೋರ್‌ನದೋ

ಮೊದಲು ನಿಮ್ಮ ನೀರು ಎಂಥದ್ದು ಅಂತ ತಿಳಿದುಕೊಳ್ಳಿ. ಕಾವೇರಿ ಅಥವಾ ಕಬಿನಿ ನೀರು ಬರುವ ಮನೆಯಾದರೆ ಒಳ್ಳೆಯದೇ. ಕ್ಲೋರಿನ್ ಮಾತ್ರ ಹೋಗಬೇಕು. ಅದು ಮೀನಿನ ಕಿವಿರನ್ನೂ ಬ್ಯಾಕ್ಟೀರಿಯಾವನ್ನೂ ಸುಡುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಆ್ಯಂಟಿಕ್ಲೋರಿನ್ ಹನಿ ಸಿಗುತ್ತದೆ. ಬಾಟಲಿ ಮೇಲೆ ಬರೆದಷ್ಟೇ ಹಾಕಿ.

ಬೋರ್‌ವೆಲ್ ನೀರಾದರೆ ಸೋಪಿನ ಪರೀಕ್ಷೆ ಮಾಡಿ. ನೊರೆ ಬರಲು ಸತಾಯಿಸುತ್ತದೆಯೇ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಬಚ್ಚಲ ನಲ್ಲಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆಯೇ? ಹಾಗಾದರೆ ಅದು ಗಡಸು ನೀರು. ಹೆದರಬೇಕಾಗಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥ ಗಿಡ, ಗಪ್ಪಿ, ಪ್ಲಾಟಿಯಂಥ ಮೀನು ಇವಕ್ಕೆಲ್ಲ ಗಡಸು ನೀರೇ ಇಷ್ಟ. ಸೂಕ್ಷ್ಮವಾದ ಟೆಟ್ರಾ ಮೀನುಗಳ ಆಸೆ ಮಾತ್ರ ಬಿಟ್ಟುಬಿಡಿ. ಇನ್ನೊಂದು ಎಚ್ಚರ: ಕ್ಷಾರ ಜಾಸ್ತಿ ಇರುವ ನೀರಿನಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಅಮೋನಿಯಾದ ವಿಷ ಇನ್ನಷ್ಟು ಚುರುಕು. ಬೋರ್ ನೀರಿನವರು ಮೀನು ಬಿಡುವಾಗ ಇನ್ನೂ ನಿಧಾನಿಸಬೇಕು.

ಆರ್‌ಓ ಯಂತ್ರದ ಶುದ್ಧ ನೀರನ್ನೇ ತುಂಬಿಸಬೇಡಿ. ಅದರಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಆ ಯಂತ್ರ ಹೊರಗೆ ಬಿಡುವ ನೀರಂತೂ ಲವಣದ ಮೂಟೆ. ಅದು ನೆಲ ಒರೆಸಲಿಕ್ಕೆ ಸರಿ.

ಮಣ್ಣು

ಇಲ್ಲಿ ಆತುರ ಮಾಡಿದರೆ ಆಮೇಲೆ ಆರು ತಿಂಗಳು ಒದ್ದಾಡಬೇಕು. ನಾನು ಒದ್ದಾಡಿದ್ದೇನೆ.

ಮೈಸೂರು ಸುತ್ತಮುತ್ತ ಸಿಗುವ ಕೆಮ್ಮಣ್ಣು ಈ ಕೆಲಸಕ್ಕೆ ಚೆನ್ನಾಗಿದೆ. ಅದರ ಕೆಂಪು ಬಣ್ಣವೇ ಕಬ್ಬಿಣದ್ದು, ಗಿಡಕ್ಕೆ ಅದು ಬೇಕು. ಆದರೆ ಪಾಯ ತೆಗೆದಾಗ ಆಳದಿಂದ ಬರುವ ಅಪ್ಪಟ ಕೆಮ್ಮಣ್ಣಿನಲ್ಲಿ ಸತ್ವ ಕಮ್ಮಿ. ಮೇಲಿನ ಅರ್ಧ ಅಡಿಯ ಮಣ್ಣು, ಮರದ ಕೆಳಗೆ ಎಲೆ ಬಿದ್ದು ಕೊಳೆತು ಬೆರೆತ ಜಾಗದ್ದು ಸಿಕ್ಕರೆ ಅದೇ ಬೆಸ್ಟ್. ಹಿತ್ತಲಿದ್ದರೆ ಅಲ್ಲಿಂದಲೇ ತೆಗೆಯಿರಿ. ರಾಸಾಯನಿಕ ಗೊಬ್ಬರ, ಕೀಟನಾಶಕ, ಗೆದ್ದಲು ಔಷಧಿ ಸೋಕಿರಬಾರದು. ಗದ್ದೆ ಮಣ್ಣು ಬೇಡ, ಕಾರಣ ಹೇಳಿದ್ದಾಯಿತು. ಕೆರೆ ಗೋಡೂ ಬೇಡ. ಹೊಲಕ್ಕೆ ಅದು ಬಂಗಾರ, ಗಾಜಿನ ತೊಟ್ಟಿಗೆ ತೀರಾ ಗಡದ್ದು ಊಟ. ನರ್ಸರಿಯ ಪಾಟಿಂಗ್ ಮಿಶ್ರಣದಲ್ಲಿ ತೆಂಗಿನ ನಾರಿನ ಪುಡಿ ಇರುತ್ತದೆ. ಅದು ತೇಲಿ ತೇಲಿ ಬೇಜಾರು ಮಾಡುತ್ತದೆ.

ಈ ಅಳತೆಯ ತೊಟ್ಟಿಗೆ ಒಂದು ಇಂಚು ಮಣ್ಣು ಹಾಸಲು ಸುಮಾರು ನಾಲ್ಕೂವರೆ ಲೀಟರ್ ಮಣ್ಣು ಬೇಕು. ಜರಡಿ ಹಿಡಿದರೆ ಕಳೆಯುವುದರಿಂದ ಏಳೆಂಟು ಲೀಟರ್ ತನ್ನಿ. ಕಲ್ಲು, ಬೇರು, ಕಡ್ಡಿ ತೆಗೆದು ಜರಡಿ ಹಿಡಿಯಿರಿ. ಮಣ್ಣು ತೀರಾ ಬಡವಾಗಿ ಕಂಡರೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ ಬೆರೆಸಿ. ಅದಕ್ಕಿಂತ ಒಂದು ಹಿಡಿಯೂ ಜಾಸ್ತಿ ಬೇಡ. ಹಸಿ ಸಗಣಿ ಗೊಬ್ಬರ ಮುಟ್ಟಲೇಬೇಡಿ.

ಇನ್ನು ಮಣ್ಣನ್ನು ಹದ ಮಾಡುವ ಕೆಲಸ. ಅಗಲ ಟಬ್‌ನಲ್ಲಿ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕಲಸಿ. ತೇಲುವ ಕಸ ತೆಗೆಯಿರಿ. ಒಂದು ರಾತ್ರಿ ಬಿಟ್ಟು ಮೇಲಿನ ನೀರು ಬಸಿಯಿರಿ. ಅದನ್ನು ಹೂಗಿಡಕ್ಕೆ ಹಾಕಬಹುದು. ಉಳಿದ ಕೆಸರನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ ತಾರಸಿಯಲ್ಲಿ ಒಣಗಿಸಿ. ಹಪ್ಪಳ ಒಣಗಿಸುವ ಬಿಸಿಲಾದರೆ ಎರಡು ದಿನ ಸಾಕು. ಒಣಗಿದ ಹೆಂಟೆ ಪುಡಿ ಮಾಡಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ. ಹೀಗೆ ಮೂರು ನಾಲ್ಕು ಸಲ. ಪ್ರತಿ ಸಲ ನೆನೆದು ಒಣಗಿದಾಗಲೂ ಮಣ್ಣಿನೊಳಗಿನ ಹಸಿ ಸಾವಯವ ಅಂಶ ಕೊಳೆತು ಮುಗಿಯುತ್ತಾ ಬರುತ್ತದೆ. ಆ ಕೊಳೆಯುವ ಕೆಲಸ ತಾರಸಿ ಮೇಲೆ ಆದಷ್ಟೂ ತೊಟ್ಟಿಯೊಳಗೆ ಕಮ್ಮಿ. ಫೆಬ್ರವರಿಯಿಂದ ಏಪ್ರಿಲ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಗಾಲದಲ್ಲಿ ಶುರು ಮಾಡಿದರೆ ತಿಂಗಳಾದರೂ ಮುಗಿಯುವುದಿಲ್ಲ.

ತೊಟ್ಟಿಗೆ ಹಾಕುವ ಮುಂಚೆ ಬಾಟಲಿ ಪರೀಕ್ಷೆ ಮಾಡಿ. ಹಳೇ ಹಾರ್ಲಿಕ್ಸ್ ಬಾಟಲಿಗೆ ಒಂದು ಇಂಚು ಈ ಮಣ್ಣು, ಮೇಲೊಂದು ಇಂಚು ಮರಳು, ಮಿಕ್ಕಿದ್ದು ನೀರು. ಒಂದು ಎಸಳು ಹೈಡ್ರಿಲ್ಲಾ ನೆಟ್ಟು ಕಿಟಕಿ ಬಳಿ ಒಂದು ವಾರ ಇಡಿ. ಗಿಡ ಹೊಸ ಚಿಗುರು ಬಿಟ್ಟು, ನೀರು ನಾತ ಹೊಡೆಯದಿದ್ದರೆ ಮಣ್ಣು ಪಾಸ್. ಈ ಒಂದು ಬಾಟಲಿ ಇಟ್ಟಿದ್ದರೆ ನನ್ನ ಎರಡನೇ ತೊಟ್ಟಿ ಕೆಡುತ್ತಲೇ ಇರಲಿಲ್ಲ.

ಮಣ್ಣಿನ ಮೇಲೆ ಮುಚ್ಚಲು ಮರಳು ಅಥವಾ ಸಣ್ಣ ಜಲ್ಲಿ ಬೇಕು. ಎರಡು ಮೂರು ಮಿ.ಮೀ. ಕಾಳಿನ ಗಾತ್ರ ಸರಿ. ದೊಡ್ಡ ಜಲ್ಲಿಯಾದರೆ ಮಣ್ಣು ಸಂದಿಯಿಂದ ಮೇಲೆ ಬರುತ್ತದೆ, ಹಿಟ್ಟಿನಂಥ ಮರಳಾದರೆ ಗಾಳಿಯಾಡದೆ ಕೆಳಗೆ ಕೊಳೆಯುತ್ತದೆ. ಕಟ್ಟಡಕ್ಕೆ ತಂದ ಎಂ-ಸ್ಯಾಂಡ್ ಇದ್ದರೆ ಅದನ್ನೂ ಬಳಸಬಹುದು, ಆದರೆ ದೂಳು ಹೋಗುವವರೆಗೆ ಹತ್ತು ಸಲವಾದರೂ ತೊಳೆಯಬೇಕು. ಯಾವುದೇ ಕಲ್ಲು, ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ಬುರುಬುರು ಗುಳ್ಳೆ ಬಂದರೆ ಅದರಲ್ಲಿ ಸುಣ್ಣ ಇದೆ. ಅದು ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಅಮೃತಶಿಲೆ ಚೂರು, ಕಪ್ಪೆಚಿಪ್ಪು ಬೇಡ ಅನ್ನುವುದು ಇದಕ್ಕೇ.

ಗಿಡ

ಮೊದಲ ದಿನವೇ ನೆಲದ ಮುಕ್ಕಾಲು ಭಾಗ ಗಿಡದಿಂದ ತುಂಬಿರಬೇಕು. ಎರಡು ಗಿಡ ನೆಟ್ಟು ನೋಡೋಣ, ಚೆನ್ನಾಗಿ ಬಂದರೆ ಇನ್ನಷ್ಟು ತರೋಣ ಅನ್ನುವವರ ತೊಟ್ಟಿಯಲ್ಲಿ ಪಾಚಿ ಗೆಲ್ಲುತ್ತದೆ. ಮಣ್ಣಿನಲ್ಲಿ ಊಟ ಇದೆ, ಮೇಲೆ ಬೆಳಕಿದೆ. ಗಿಡ ತಿನ್ನದಿದ್ದರೆ ಪಾಚಿ ತಿನ್ನುತ್ತದೆ. ಎರಡು ಅಡಿ ತೊಟ್ಟಿಗೆ ಹತ್ತು ಹನ್ನೆರಡು ಕಟ್ಟು ಗಿಡ ಬೇಕು.

ದುಬಾರಿ ಗಿಡದ ಹಿಂದೆ ಹೋಗಬೇಡಿ. ಚುರುಕಾಗಿ ಬೆಳೆಯುವ ಬಡಪಾಯಿ ಗಿಡಗಳೇ ಇಲ್ಲಿ ದೊರೆ. ಹೈಡ್ರಿಲ್ಲಾ ನಮ್ಮ ಕೆರೆ, ನಾಲೆಗಳದ್ದೇ. ಹಾರ್ನ್‌ವರ್ಟ್‌ಗೆ ಬೇರೇ ಇಲ್ಲ, ಸುಮ್ನೆ ತೇಲಿಬಿಟ್ಟರೂ ಬೆಳೆಯುತ್ತದೆ. ಹಿಂಬದಿಗೆ ಉದ್ದ ರಿಬ್ಬನ್ನಿನಂಥ ವ್ಯಾಲಿಸ್ನೇರಿಯಾ. ಅದು ಬಳ್ಳಿ ಹರಿಸಿ ಮರಿ ಗಿಡ ಮಾಡುತ್ತಾ ಹೋಗುತ್ತದೆ. ವಾಟರ್ ವಿಸ್ಟೀರಿಯಾ ಮತ್ತು ಹೈಗ್ರೋಫಿಲಾ ಎರಡೂ ನಮ್ಮ ದೇಶದವೇ, ವಾರಕ್ಕೆ ಎದ್ದು ಕಾಣುವಷ್ಟು ಬೆಳೆಯುತ್ತವೆ. ಮುಂಬದಿಗೆ ನೀರುಬ್ರಾಹ್ಮಿ, ಅಂದರೆ ಬಕೋಪಾ. ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ಗೊಂದಲ ಆಗಬಹುದು. ತಂಬುಳಿಗೆ ಹಾಕುವ ಗುಂಡೆಲೆಯದ್ದು ಒಂದೆಲಗ. ಇಲ್ಲಿ ಬೇಕಾದ್ದು ದಪ್ಪ ಪುಟ್ಟ ಎಲೆ, ನೇರ ಕಾಂಡದ್ದು. ಮಧ್ಯದ ನೆರಳಿಗೆ ಕ್ರಿಪ್ಟೊಕೊರೈನ್. ಜಾವಾ ಫರ್ನ್ ತಂದರೆ ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿ. ಅದರ ಗೆಡ್ಡೆ ಹೂತರೆ ಕೊಳೆಯುತ್ತದೆ.

ತೇಲುವ ಗಿಡ ಕಡ್ಡಾಯ ಅಂತ ನನ್ನ ಅಭಿಪ್ರಾಯ. ಸಾಲ್ವಿನಿಯಾ ಅಥವಾ ಅಂತರಗಂಗೆಯ ನಾಲ್ಕು ಮರಿ ಸಾಕು. ಎಲೆ ಗಾಳಿಯಲ್ಲಿರುವುದರಿಂದ ಇಂಗಾಲದ ಡೈಆಕ್ಸೈಡ್‌ಗೆ ಬರವಿಲ್ಲ. ಹಾಗಾಗಿ ಬೇರಿನಿಂದ ಅಮೋನಿಯಾ, ನೈಟ್ರೇಟನ್ನು ಪಂಪಿನಂತೆ ಎಳೆಯುತ್ತವೆ. ಅರ್ಧ ಮೇಲ್ಮೈ ಮುಚ್ಚಿದ ಮೇಲೆ ಮಾತ್ರ ವಾರಕ್ಕೊಂದು ಹಿಡಿ ತೆಗೆಯುತ್ತಿರಬೇಕು. ಮನಿ ಪ್ಲಾಂಟ್ ಕಡ್ಡಿಯನ್ನು ತೊಟ್ಟಿಯ ಅಂಚಿಗೆ ಸಿಕ್ಕಿಸಿ ಬೇರು ನೀರಿಗೆ, ಎಲೆ ಹೊರಗೆ ಬಿಟ್ಟರೂ ಇದೇ ಕೆಲಸ ಆಗುತ್ತದೆ.

ಅಂಗಡಿಯಲ್ಲಿ ನೀರುಗಿಡ ಅಂತ ಲಕ್ಕಿ ಬ್ಯಾಂಬೂ ಕೊಡುತ್ತಾರೆ. ಅದು ನೀರುಗಿಡವೇ ಅಲ್ಲ. ಎಲೆ ಸಮೇತ ಮುಳುಗಿಸಿದರೆ ಕೆಲವು ವಾರದಲ್ಲಿ ಹಳದಿಯಾಗಿ ಕೊಳೆಯುತ್ತದೆ.

ಕೆರೆ, ನಾಲೆಯಿಂದ ಗಿಡ ತಂದರೆ ಜೊತೆಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳು ಬರಬಹುದು. ಅದು ಮೀನಿನ ಮರಿಯನ್ನು ಹಿಡಿದು ತಿನ್ನುವ ರಾಕ್ಷಸ. ತೆಳು ಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿದ ನೀರಿನಲ್ಲಿ ಗಿಡವನ್ನು ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು, ಎರಡು ದಿನ ಬೇರೆ ಬಕೆಟ್‌ನಲ್ಲಿಟ್ಟು ನೋಡಿ. ರಂಗನತಿಟ್ಟಿನಂಥ ಕಾದಿಟ್ಟ ಜಾಗಗಳಿಂದ ಒಂದು ಎಲೆಯನ್ನೂ ತರಬೇಡಿ.

ನೆಡುವ ದಿನ

ಒಂದು ಇಡೀ ಬೆಳಿಗ್ಗೆ ಇಟ್ಟುಕೊಳ್ಳಿ. ಹಳೇ ಟವೆಲ್ ಎರಡು ಹತ್ತಿರ ಇರಲಿ.

1. ಖಾಲಿ ತೊಟ್ಟಿಗೆ ನೀರು ತುಂಬಿ ಒಂದು ದಿನ ಸೋರಿಕೆ ನೋಡಿ, ಖಾಲಿ ಮಾಡಿ. ಸೋಪು ಹಾಕಿ ತೊಳೆಯಬೇಡಿ.

2. ಹದ ಮಾಡಿದ ಮಣ್ಣನ್ನು ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲವಾಗಿ ಕಲಸಿ, ಒಂದು ಇಂಚು ಹಾಸಿ. ಒಂದೂವರೆ ಇಂಚು ದಾಟಬಾರದು. ಮುಂದಿನ ಗಾಜಿನ ಬಳಿ ಎರಡು ಬೆರಳಗಲ ಜಾಗ ಬಿಟ್ಟು ಅಲ್ಲಿ ಬರೀ ಮರಳು ತುಂಬಿದರೆ ಹೊರಗಿನಿಂದ ಕೆಸರು ಕಾಣುವುದಿಲ್ಲ.

3. ಮಣ್ಣನ್ನು ಅಂಗೈಯಿಂದ ಒತ್ತಿ ಗಾಳಿಗುಳ್ಳೆ ತೆಗೆಯಿರಿ. ಮೇಲೆ ಒಂದು ಇಂಚು ತೊಳೆದ ಮರಳು ಹಾಸಿ. ದೊಡ್ಡ ಕಲ್ಲಿಡುವುದಾದರೆ ಈಗಲೇ ಇಡಿ.

4. ಮರಳಿನ ಮೇಲೊಂದು ತಟ್ಟೆ ಇಟ್ಟು, ಅದರ ಮೇಲೆ ನಿಧಾನಕ್ಕೆ ನೀರು ಸುರಿಯಿರಿ. ಮೂರು ಇಂಚು ನಿಂತರೆ ಸಾಕು. ಪೂರ್ತಿ ತುಂಬಿದ ಮೇಲೆ ನೆಡಲು ಹೋದರೆ ಗಿಡವೆಲ್ಲ ಮೇಲೇಳುತ್ತದೆ.

5. ಗಿಡದ ಕೆಳಗಿನ ಎರಡು ಗೆಣ್ಣಿನ ಎಲೆ ಕಿತ್ತು, ಒಂದೊಂದೇ ಕಾಂಡವನ್ನು ಬೆರಳಿನಿಂದ ಮಣ್ಣಿಗೆ ಇಳಿಸಿ. ಕಟ್ಟು ಕಟ್ಟಾಗಿ ನೆಟ್ಟರೆ ನಡುವಿನದ್ದು ಕೊಳೆಯುತ್ತದೆ. ಭತ್ತದ ನಾಟಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್‌ಗಳ ಬುಡ ಮಾತ್ರ ಮರಳಿನಿಂದ ಮೇಲಿರಲಿ.

6. ತಟ್ಟೆಯ ಮೇಲೆಯೇ ಸುರಿಯುತ್ತಾ ಪೂರ್ತಿ ತುಂಬಿಸಿ. ನೀರು ಚಹಾದಂತೆ ಕೆಂಪಾದರೆ ಅರ್ಧ ಬಸಿದು ಮತ್ತೆ ತುಂಬಿಸಿ. ಕೊನೆಗೆ ತೇಲುಗಿಡ ಬಿಡಿ.

ಫಿಲ್ಟರ್ ಬೇಕಾ ಅಂತ ಕೇಳುತ್ತೀರಿ. ಗಿಡದ ತೊಟ್ಟಿಗೆ ಬೇಡವೇ ಬೇಡ ಅನ್ನುವವರಿದ್ದಾರೆ. ನಾನು ಗಾಳಿ ಪಂಪಿನಿಂದ ನಡೆಯುವ ಒಂದು ಚಿಕ್ಕ ಸ್ಪಂಜ್ ಫಿಲ್ಟರ್ ಇಟ್ಟಿದ್ದೇನೆ, ಗುಳ್ಳೆ ನಿಧಾನಕ್ಕೆ ಬರುವಂತೆ. ನೀರು ಸ್ವಲ್ಪ ಅಲುಗಾಡುತ್ತದೆ, ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ. ಜೋರಾಗಿ ಬುರಬುರ ಅನ್ನಿಸಿದರೆ ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಆ ಅನಿಲ ಮಣ್ಣು ಕಳಿಯುವುದರಿಂದ, ಮೀನಿನ ಉಸಿರಿನಿಂದ ಬರುತ್ತದೆ. ಸಿಲಿಂಡರ್ ಇಲ್ಲದೆ ಗಿಡ ಬೆಳೆಯುವ ಗುಟ್ಟು ಅದು. ಕರೆಂಟ್ ನಾಲ್ಕು ಗಂಟೆ ಹೋದರೂ ಮೀನು ಕಮ್ಮಿ ಇರುವ ಗಿಡದ ತೊಟ್ಟಿಗೆ ಏನೂ ಆಗುವುದಿಲ್ಲ.

ಬೆಳಕು

ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 6500 ಕೆಲ್ವಿನ್ ಬಿಳಿ ಬೆಳಕಿನದ್ದು ಕೇಳಿ. ನೀಲಿ, ಕೆಂಪು ಬಣ್ಣದ ದೀಪಕ್ಕೆ ದುಡ್ಡು ಸುರಿಯಬೇಡಿ. ಒಟ್ಟು ಎಂಟು ಗಂಟೆ ಬೆಳಕು, ಅದೂ ಎರಡು ಕಂತಿನಲ್ಲಿ: ಬೆಳಿಗ್ಗೆ 8ರಿಂದ 12, ಮತ್ತೆ ಸಂಜೆ 4ರಿಂದ 8. ನಡುವಿನ ಬಿಡುವಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ತುಂಬಿಕೊಳ್ಳುತ್ತದೆ. ಪ್ಲಗ್‌ಗೆ ಸಿಕ್ಕಿಸುವ ಟೈಮರ್ ಕೊಂಡುಕೊಳ್ಳಿ. ನೆನಪಿಟ್ಟು ಹಾಕಿ ಆರಿಸುತ್ತೇನೆ ಅನ್ನುವ ಮಾತು ಒಂದು ವಾರದ್ದು.

ಕಾಯುವ ಆರು ವಾರ

ಈಗ ತೊಟ್ಟಿಯಲ್ಲಿ ಗಿಡ ಇದೆ, ಮೀನಿಲ್ಲ. ಮನೆಯವರು "ಮೀನೆಲ್ಲಿ?" ಅಂತ ದಿನಾ ಕೇಳುತ್ತಾರೆ. ನನ್ನ ಅಮ್ಮ ಬಂದ ನೆಂಟರಿಗೆಲ್ಲ "ಇವನು ಗಾಜಿನ ಡಬ್ಬಿಯಲ್ಲಿ ಸೊಪ್ಪು ಬೆಳೆಯುತ್ತಿದ್ದಾನೆ" ಅಂತ ತೋರಿಸುತ್ತಿದ್ದರು.

ಮೊದಲ ವಾರ ನೀರು ಮಜ್ಜಿಗೆ ನೀರಿನಂತೆ ಮಬ್ಬಾಗಬಹುದು. ಅದು ಬ್ಯಾಕ್ಟೀರಿಯಾದ ಹುಟ್ಟು, ತಾನೇ ಇಳಿಯುತ್ತದೆ. ಮೊದಲ ಎರಡು ವಾರ ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ಹೊಸ ಮಣ್ಣು ಬಿಡುವ ಅಮೋನಿಯಾ ಹೀಗೆ ಹೊರಗೆ ಹೋಗುತ್ತದೆ. ಆಮೇಲೆ ವಾರಕ್ಕೊಮ್ಮೆ ಸಾಕು. ಕ್ರಿಪ್ಟೊಕೊರೈನ್ ಎಲೆ ಕರಗಿ ಲೋಳೆಯಾದರೆ ಕಿತ್ತೆಸೆಯಬೇಡಿ. ಸತ್ತ ಎಲೆ ಮಾತ್ರ ತೆಗೆಯಿರಿ, ಬೇರಿನಿಂದ ಮತ್ತೆ ಚಿಗುರುತ್ತದೆ. ಮೂರನೇ ವಾರದ ಹೊತ್ತಿಗೆ ಗಾಜಿನ ಮೇಲೆ ಕಂದು ಬಣ್ಣದ ದೂಳಿನಂಥ ಪಾಚಿ ಬರುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಅದು ಸಾಮಾನ್ಯ.

ಒಂದು ಮಾತು ಯಾರೂ ಹೇಳುವುದಿಲ್ಲ. ಮೀನಿಲ್ಲದ ನಿಂತ ನೀರು ಸೊಳ್ಳೆಗೆ ಹೆರಿಗೆ ಮನೆ. ಡೆಂಗಿ ಕಾಲದಲ್ಲಿ ಇದು ತಮಾಷೆಯ ವಿಷಯವಲ್ಲ. ಮೀನು ಬಿಡುವವರೆಗೂ ತೊಟ್ಟಿಯ ಮೇಲೆ ಹಳೇ ಸೊಳ್ಳೆ ಪರದೆಯ ತುಂಡು ಬಿಗಿಯಾಗಿ ಹೊದಿಸಿ. ಕ್ಲೋರಿನ್ ಹೋಗಲೆಂದು ಇಟ್ಟ ಬಕೆಟ್‌ಗೂ ಅಷ್ಟೇ.

ಅಮೋನಿಯಾ, ನೈಟ್ರೈಟ್ ಅಳೆಯುವ ಹನಿ ಕಿಟ್ ಒಂದು ತನ್ನಿ. ಇದೊಂದರಲ್ಲಿ ಜಿಪುಣತನ ಬೇಡ. ಎರಡೂ ಒಂದು ವಾರ ಪೂರ್ತಿ ಸೊನ್ನೆ ತೋರಿಸಿ, ಗಿಡ ಹೊಸ ಚಿಗುರು ಬಿಡುತ್ತಿದ್ದರೆ ಮೀನು ತರಬಹುದು. ಗಿಡ ದಟ್ಟವಾಗಿದ್ದರೆ ನಾಲ್ಕನೇ ವಾರಕ್ಕೇ ಆಗಬಹುದು. ಕ್ಯಾಲೆಂಡರ್ ನೋಡಬೇಡಿ, ಕಿಟ್ ನೋಡಿ.

ಕೊನೆಗೂ ಮೀನು

ಮೊದಲ ಕಂತು ನಾಲ್ಕೈದು ಮೀನು. ಎರಡು ವಾರ ಬಿಟ್ಟು ಮತ್ತೆ ಅಳೆದು ಮಿಕ್ಕಿದ್ದು. ಈ ತೊಟ್ಟಿಗೆ ಎಲ್ಲ ಸೇರಿ ಹತ್ತು ಹನ್ನೆರಡು ಪುಟ್ಟ ಮೀನು ಮಿತಿ.

ನನ್ನ ಆಯ್ಕೆ ಎಂಟು ಜೀಬ್ರಾ ಡ್ಯಾನಿಯೊ ಮತ್ತು ಎರಡು ಹನಿ ಗೌರಾಮಿ. ಎರಡೂ ಭಾರತದ ನೀರಿನವೇ. ಡ್ಯಾನಿಯೊ ಗುಂಪಿನಲ್ಲಿ ಓಡಾಡುವ ಚೂಟಿ ಮೀನು. ಗೌರಾಮಿ ನಿಧಾನಿ, ತೇಲುಗಿಡದ ಬೇರಿನ ನಡುವೆ ಮೈ ಮರೆತು ನಿಲ್ಲುತ್ತದೆ. ಗಪ್ಪಿ ಇಷ್ಟವಾದರೆ ಗಂಡು ಮಾತ್ರ ತನ್ನಿ. ಹೆಣ್ಣೊಂದು ಸೇರಿದರೆ ಮೂರು ತಿಂಗಳಲ್ಲಿ ನಿಮ್ಮ ಲೆಕ್ಕವೆಲ್ಲ ಮುಳುಗುತ್ತದೆ. ಗದ್ದೆ ಕಾಲುವೆಯಲ್ಲಿ ನೀರಿನ ಮೇಲ್ಮೈಗೆ ತಾಗಿಕೊಂಡು, ತಲೆಯ ಮೇಲೆ ಹೊಳೆಯುವ ಚುಕ್ಕಿ ಇರುವ ಮೀನು ನೋಡಿದ್ದೀರಾ? ಅದು ಪ್ಯಾಂಚಾಕ್ಸ್ ಜಾತಿಯದ್ದು. ಸೊಳ್ಳೆ ಮರಿ ಅಂದರೆ ಅದಕ್ಕೆ ಪ್ರಾಣ. ಆದರೆ ಚಿಕ್ಕ ಮೀನನ್ನೂ ನುಂಗುತ್ತದೆ, ಜಿಗಿಯುತ್ತದೆ. ಮುಚ್ಚಳ ಇಲ್ಲದೆ ಸಾಕಬೇಡಿ.

ಗೋಲ್ಡ್ ಫಿಶ್ ಈ ತೊಟ್ಟಿಗೆ ಬೇಡ. ಅದು ದೊಡ್ಡದಾಗುತ್ತದೆ, ಗಿಡ ಕೀಳುತ್ತದೆ, ಗಲೀಜೂ ಜಾಸ್ತಿ. ಪಾಚಿ ತಿನ್ನುತ್ತದೆ ಅಂತ ಅಂಗಡಿಯವರು ಕೊಡುವ ಕಪ್ಪು ಸಕ್ಕರ್ ಮೀನೂ ಬೇಡ. ಅದು ಒಂದು ಅಡಿ ದಾಟಿ ಬೆಳೆಯುತ್ತದೆ. ಪಾಚಿಗೆ ಬಸವನಹುಳು ಸಾಕು. ಗಿಡದ ಜೊತೆ ತಾನೇ ಬರುತ್ತದೆ, ಓಡಿಸಬೇಡಿ. ಸತ್ತ ಎಲೆ, ಉಳಿದ ಆಹಾರ ಅದರ ಪಾಲು. ಮಲೇಷಿಯನ್ ಟ್ರಂಪೆಟ್ ಅನ್ನುವ ಚೂಪು ಚಿಪ್ಪಿನದ್ದು ಮರಳಿನೊಳಗೆ ಕೊರೆದು ಓಡಾಡಿ ಉಳುಮೆಯನ್ನೂ ಮಾಡುತ್ತದೆ. ತೀರಾ ಜಾಸ್ತಿಯಾದರೆ ರಾತ್ರಿ ಒಂದು ಸೌತೆಕಾಯಿ ಬಿಲ್ಲೆ ಮುಳುಗಿಸಿಟ್ಟು, ಬೆಳಿಗ್ಗೆ ಅದಕ್ಕೆ ಮುತ್ತಿದ ಹುಳುಗಳ ಸಮೇತ ಎತ್ತಿ.

ಮೀನು ತಂದ ದಿನ ಕವರನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ. ಆಮೇಲೆ ಅರ್ಧ ಗಂಟೆ, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಕವರಿಗೆ ಸೇರಿಸಿ. ಬಲೆಯಿಂದ ಮೀನು ಮಾತ್ರ ಬಿಡಿ. ಅಂಗಡಿಯ ನೀರು ಗಿಡಕ್ಕೆ ಹೋಗಲಿ.

ಆಮೇಲಿನ ದಿನಗಳು

ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ. ವಾರಕ್ಕೊಂದು ದಿನ ಉಪವಾಸ. ಏಕಾದಶಿ ಅವಕ್ಕೂ ಒಳ್ಳೆಯದು. ದಸರಾ ರಜೆಗೆ ಒಂದು ವಾರ ಊರಿಗೆ ಹೋದರೆ ಏನೂ ವ್ಯವಸ್ಥೆ ಮಾಡಬೇಡಿ, ಟೈಮರ್ ನಡೆಯಲಿ ಬಿಡಿ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟರೆ ಪಾಪ ಅಂತ ಅರ್ಧ ಡಬ್ಬಿ ಸುರಿಯುತ್ತಾರೆ. ಹಸಿವಿನಿಂದ ಸಾಯದ ಮೀನು ಪ್ರೀತಿಯಿಂದ ಸಾಯುತ್ತದೆ.

ನೀರು ಬದಲಾಯಿಸುವುದನ್ನು ಬೆಳಿಗ್ಗೆಯೇ ಮಾಡಿ. ಬೇಸಿಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಬಿ. ಆ ನೀರು ಕರಿಬೇವಿನ ಗಿಡಕ್ಕೆ ಅಮೃತ.

ಬೆಳಿಗ್ಗೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ಆಡಿಸುತ್ತಿದ್ದರೆ ರಾತ್ರಿ ಆಮ್ಲಜನಕ ಸಾಲದಾಗಿದೆ ಅಂತ ಅರ್ಥ. ಕತ್ತಲಲ್ಲಿ ಗಿಡವೂ ಅದನ್ನು ಬಳಸುತ್ತದೆ. ಗುಳ್ಳೆ ಸ್ವಲ್ಪ ಜೋರು ಮಾಡಿ, ಒಮ್ಮೆ ಅಮೋನಿಯಾ ಅಳೆಯಿರಿ. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದರೆ ಒಂದು ಹಾಳೆ ಪೇಪರ್ ಹಾಸಿ ಎತ್ತಿ. ನೀರೇ ಹಸಿರಾದರೆ ಅಥವಾ ಕೂದಲಿನಂಥ ಪಾಚಿ ಹಬ್ಬಿದರೆ ಬೆಳಕನ್ನು ಆರು ಗಂಟೆಗೆ ಇಳಿಸಿ, ಆಹಾರ ಅರ್ಧ ಮಾಡಿ, ತೇಲುಗಿಡ ಹೆಚ್ಚಿಸಿ, ಕೈಗೆ ಸಿಕ್ಕ ಪಾಚಿಯನ್ನು ಕಡ್ಡಿಗೆ ಸುತ್ತಿ ಎಳೆಯಿರಿ. ಪಾಚಿನಾಶಕ ತರಬೇಡಿ.

ಮರಳಿನಿಂದ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಮಣ್ಣಿಗೆ ಗಾಳಿ ಸಿಗುತ್ತಿಲ್ಲ. ಊದುಬತ್ತಿ ಕಡ್ಡಿಯಷ್ಟು ತೆಳ್ಳಗಿನ ಕಡ್ಡಿಯಿಂದ ನಾಲ್ಕಾರು ಕಡೆ ಮೆಲ್ಲಗೆ ಚುಚ್ಚಿ. ಬೇರು ಇಳಿದ ಮೇಲೆ ಈ ತೊಂದರೆ ಕಮ್ಮಿ, ಬೇರುಗಳೇ ಮಣ್ಣಿಗೆ ಆಮ್ಲಜನಕ ಕೊಡುತ್ತವೆ. ವಾಸನೆಯಿಲ್ಲದ ಗುಳ್ಳೆಗೆ ತಲೆ ಕೆಡಿಸಿಕೊಳ್ಳಬೇಡಿ.

ಮೀನಿಗೆ ಕಾಯಿಲೆ ಬಂದರೆ ಬೇರೆ ಬಕೆಟ್‌ಗೆ ತೆಗೆದು ಔಷಧಿ ಮಾಡಿ. ಅಂಗಡಿಯವರು ಕೊಡುವ ನೀಲಿ ಹನಿ ತೊಟ್ಟಿಗೇ ಬಿದ್ದರೆ ಬ್ಯಾಕ್ಟೀರಿಯಾ, ಗಿಡ ಎರಡಕ್ಕೂ ಪೆಟ್ಟು. ತಾಮ್ರ ಇರುವ ಔಷಧಿ ಬಸವನಹುಳುಗಳನ್ನು ಕೊಲ್ಲುತ್ತದೆ.

ಮೂರು ತಿಂಗಳು ಕಳೆದರೆ ನಿಮ್ಮ ದೊಡ್ಡ ಕೆಲಸ ಕತ್ತರಿ ಹಿಡಿಯುವುದು. ಹೈಗ್ರೋಫಿಲಾ ನೀರಿನಿಂದ ತಲೆ ಹೊರಗೆ ಹಾಕುತ್ತದೆ, ವ್ಯಾಲಿಸ್ನೇರಿಯಾ ಬೆಳಕನ್ನೇ ಮುಚ್ಚುತ್ತದೆ. ತುದಿ ಕತ್ತರಿಸಿ ಖಾಲಿ ಜಾಗದಲ್ಲಿ ನೆಡಿ, ಮಿಕ್ಕಿದ್ದನ್ನು ತೊಟ್ಟಿ ಶುರು ಮಾಡುವವರಿಗೆ ಕೊಡಿ. ತೆಗೆದುಕೊಳ್ಳುವವರು ಸಿಗದಿದ್ದರೆ ಬಿಸಿಲಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಕುಕ್ಕರಹಳ್ಳಿ ಕೆರೆಗೋ ವಿ.ಸಿ. ನಾಲೆಗೋ ಎಸೆಯಬೇಡಿ, ಬೇಡವಾದ ಮೀನನ್ನೂ ಅಲ್ಲಿಗೆ ಬಿಡಬೇಡಿ. ಅಂಗಡಿಯ ಸಾಲ್ವಿನಿಯಾ ಒಂದು ಹಿಡಿ ಸಾಕು, ಒಂದು ಕಟ್ಟೆಯನ್ನೇ ಮುಚ್ಚಿಬಿಡುತ್ತದೆ. ನಾನಂತೂ ಕತ್ತರಿಸಿದ್ದನ್ನು ಹಳೇ ಬಕೆಟ್‌ನಲ್ಲಿ ತೇಲಿಬಿಟ್ಟು ಗೇಟಿನ ಪಕ್ಕ ಇಡುತ್ತೇನೆ, ಸೊಳ್ಳೆ ಮರಿ ತಿನ್ನಲು ಒಳಗೊಂದು ಗಪ್ಪಿ ಬಿಟ್ಟು. ಕಳೆದ ಸಲ ಗಿಡದ ಜೊತೆ ಗಪ್ಪಿಯನ್ನೂ ಯಾರೋ ಒಯ್ದಿದ್ದರು.